ಪೂರ್ವಪಕ್ಷಕ್ಕೆ ಕಿವಿಗೊಡುವ ವಿದ್ಯೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಹಟಮಾರಿಯನ್ನು ಕುರಿತು ಹುಟ್ಟಿದ ಗಾದೆ ಇದು. ವಿಚಾರ ಮಾಡಿದರೆ ಇದರಲ್ಲಿ ಒಂದು ಸ್ವಾರಸ್ಯವಿದೆ. ಮೊಲ ಅವನ ಕೈಯಲ್ಲಿಯೇ ಇದೆ. ಒಮ್ಮೆ ತಲೆಬಾಗಿಸಿ ಎಣಿಸಿದರೆ ವಿವಾದ ಅಲ್ಲಿಗೇ ಮುಗಿಯುತ್ತದೆ. ಆದರೆ ಎದುರಿನವನು ಹೇಳಿದನೆಂಬ ಕಾರಣಕ್ಕೆ ಎಣಿಸಿ ನೋಡುವುದಕ್ಕೆ ಅವನ ಮನಸ್ಸು ಒಪ್ಪುವುದಿಲ್ಲ.

ಲೋಕದ ದೊಡ್ಡ ವಿವಾದಗಳು ಮೊಲದ ಕಾಲೆಣಿಸಿದಷ್ಟು ಸುಲಭವಾಗಿ ತೀರತಕ್ಕವುಗಳಲ್ಲ. ಧರ್ಮ, ಜಾತಿ, ಭಾಷೆ, ರಾಜಕೀಯ ಮುಂತಾದ ವಿಷಯಗಳಲ್ಲಿ ನಮ್ಮ ಮತಕ್ಕೆ ಬಲವಾಗಿ ಎದುರಾದ ಮತವುಳ್ಳವರು ನಮ್ಮ ತರಗತಿಯಲ್ಲಿ, ನಮ್ಮ ವಿದ್ಯಾರ್ಥಿನಿಲಯದಲ್ಲಿ, ಎಷ್ಟೋ ವೇಳೆ ನಮ್ಮ ಮನೆಯಲ್ಲಿಯೇ ಇರುತ್ತಾರೆ. ಅವರೊಡನೆ ನಾವು ಸಾಮಾನ್ಯವಾಗಿ ಎರಡು ರೀತಿಯಲ್ಲಿ ನಡೆದುಕೊಳ್ಳುತ್ತೇವೆ. ‘ನಮಗೇಕೆ ಬೇಕು ಆ ಮಾತು’ ಎಂದು ವಿಷಯವನ್ನೇ ಎತ್ತದೆ ನಕ್ಕು ಮಾತು ಮರೆಸುವುದು ಒಂದು. ದನಿಯೇರಿಸಿ ಬಾಯಿ ಮುಚ್ಚಿಸಲು ನೋಡುವುದು ಇನ್ನೊಂದು. ಮೊದಲನೆಯದನ್ನು ಸೌಜನ್ಯವೆಂದೂ ಎರಡನೆಯದನ್ನು ಧೈರ್ಯವೆಂದೂ ಕರೆಯುವುದು ವಾಡಿಕೆ. ಆದರೆ ಎರಡರಲ್ಲಿಯೂ ಎದುರಿನವನ ಮಾತು ನಮ್ಮ ಕಿವಿಯೊಳಕ್ಕೆ ಬೀಳುವುದಿಲ್ಲ. ಇವೆರಡನ್ನೂ ಬಿಟ್ಟು ಮೂರನೆಯ ದಾರಿಯೊಂದಿದೆ. ಅದು ಎಂಥದು, ಅದರ ನಿಯಮಗಳೇನು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ವಾದವೆಂಬುದು ಒಂದು ಶಾಸ್ತ್ರವಾಗಿಯೇ ಬೆಳೆದಿತ್ತು. ಗೌತಮನ ನ್ಯಾಯಸೂತ್ರಗಳಲ್ಲಿ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಸತ್ಯವನ್ನು ತಿಳಿಯಬೇಕೆಂಬ ಅಪೇಕ್ಷೆಯಿಂದ ಪ್ರಮಾಣಗಳನ್ನೂ ತರ್ಕವನ್ನೂ ಆಶ್ರಯಿಸಿ ಎರಡು ಪಕ್ಷದವರೂ ನಡೆಸುವುದು ವಾದ. ಗೆಲ್ಲಬೇಕೆಂಬ ಒಂದೇ ಹಂಬಲದಿಂದ, ಮೋಸದ ಮಾತುಗಳನ್ನೂ ಬಳಸಿ ನಡೆಸುವುದು ಜಲ್ಪ. ತನ್ನದೆಂದು ಒಂದು ಪಕ್ಷವನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡಹುವುದಷ್ಟೇ ಕೆಲಸವಾದರೆ ಅದು ವಿತಂಡ. ಈ ಕೊನೆಯ ಮಾತು ‘ವಿತಂಡವಾದ’ ಎಂಬ ರೂಪದಲ್ಲಿ ನಮ್ಮ ಆಡುಮಾತಿಗೂ ಇಳಿದಿದೆ.

ಮೋಸದ ಮಾತು ಎಂದೆನಷ್ಟೆ. ಅದಕ್ಕೆ ಶಾಸ್ತ್ರದಲ್ಲಿ ಛಲವೆಂದು ಹೆಸರು. ಭಾಷ್ಯಕಾರನಾದ ವಾತ್ಸ್ಯಾಯನನು ಇದಕ್ಕೆ ಕೊಡುವ ಉದಾಹರಣೆ ಸೊಗಸಾಗಿದೆ. ಈ ಹುಡುಗನು ‘ನವಕಂಬಲ’ನು, ಎಂದರೆ ಹೊಸ ಕಂಬಳಿಯುಳ್ಳವನು, ಎಂದು ಒಬ್ಬನು ಹೇಳುತ್ತಾನೆ. ‘ನವ’ ಎಂಬುದಕ್ಕೆ ಒಂಬತ್ತು ಎಂಬ ಅರ್ಥವೂ ಉಂಟು. ಇನ್ನೊಬ್ಬನು ತಟ್ಟನೆ, ಇವನ ಹತ್ತಿರ ಇರುವುದು ಒಂದೇ ಕಂಬಳಿ, ಒಂಬತ್ತೆಲ್ಲಿವೆ ಎಂದು ಹಿಡಿಯುತ್ತಾನೆ. ಹೇಳಿದವನ ಅಭಿಪ್ರಾಯ ಕೇಳಿದವನಿಗೆ ಚೆನ್ನಾಗಿ ತಿಳಿದಿದೆ. ಆದರೂ ಅವನು ಆಡದ ಅರ್ಥವನ್ನು ಅವನ ಬಾಯಿಗೆ ತುರುಕಿ ಅದನ್ನು ಖಂಡಿಸುತ್ತಾನೆ. ನಮ್ಮ ಇಂದಿನ ಚರ್ಚೆಗಳಲ್ಲಿ ಇಂಥ ಒಂಬತ್ತು ಕಂಬಳಿಗಳು ಎಷ್ಟು ಬಾರಿ ಹಾರಾಡುತ್ತವೆಯೆಂಬುದನ್ನು ವಾಚಕರೇ ಬಲ್ಲರು.

ಗೌತಮನು ವಾದವನ್ನು ಯಾರೊಡನೆ ಮಾಡಬೇಕೆಂಬುದನ್ನೂ ಹೇಳಿದ್ದಾನೆ. ಶಿಷ್ಯ, ಗುರು, ಸಹಪಾಠಿ, ಶ್ರೇಯಸ್ಸನ್ನು ಬಯಸುವ ಅಸೂಯೆಯಿಲ್ಲದ ಜನ ಇವರೆಲ್ಲರೂ ಅವನ ಪಟ್ಟಿಯಲ್ಲಿ ಬರುತ್ತಾರೆ. ಒಂದು ಕಾಲೇಜಿನಲ್ಲಿ ಇರತಕ್ಕವರೆಲ್ಲರೂ ಈ ಪಟ್ಟಿಗೆ ಸೇರಿದವರೇ. ಹಾಗಾದರೆ ಜಲ್ಪ ವಿತಂಡಗಳಿಗೆ ಏನು ಪ್ರಯೋಜನ? ಎಳೆಯ ಸಸಿಯ ಸುತ್ತ ಮುಳ್ಳಿನ ಬೇಲಿ ಹಾಕುವಂತೆ, ದುರುದ್ದೇಶದಿಂದ ಬಂದವನಿಂದ ಸತ್ಯವನ್ನು ಕಾಪಾಡುವುದಕ್ಕೆ ಅವು ಬೇಕಾಗಬಹುದೆಂದು ಸೂತ್ರಕಾರನ ಉತ್ತರ. ಬೇಲಿ ಬೇಕು, ನಿಜ. ಆದರೆ ಬೇಲಿಯನ್ನೇ ಬೆಳೆಯೆಂದು ತಿಳಿದರೆ ಹೊಲದಲ್ಲಿ ಮುಳ್ಳಲ್ಲದೆ ಬೇರೇನೂ ಉಳಿಯದು.

ಈ ಶಾಸ್ತ್ರದ ಜೊತೆಗೇ ಬೆಳೆದು ಬಂದದ್ದು ಪೂರ್ವಪಕ್ಷವೆಂಬ ಪದ್ಧತಿ. ತನ್ನ ಸಿದ್ಧಾಂತವನ್ನು ಹೇಳುವುದಕ್ಕೆ ಮುಂಚೆ ಎದುರುಪಕ್ಷದವನ ಮತವನ್ನು, ಅವನ ಎಲ್ಲ ಯುಕ್ತಿಗಳೊಡನೆ, ಮೊದಲು ನಿರೂಪಿಸಬೇಕು. ಆಮೇಲೆ ಉತ್ತರ ಹೇಳಬೇಕು. ಇದಕ್ಕೆ ನಮ್ಮ ನಾಡಿನದೇ ಒಂದು ಉತ್ತಮ ನಿದರ್ಶನವಿದೆ. ೧೪ನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಾಚಾರ್ಯನು ರಚಿಸಿದ ‘ಸರ್ವದರ್ಶನಸಂಗ್ರಹ’ ಎಂಬ ಸಂಸ್ಕೃತ ಗ್ರಂಥದಲ್ಲಿ ೧೬ ದರ್ಶನಗಳ ವಿವರಣೆಯಿದೆ. ಗ್ರಂಥಕರ್ತನು ಅದ್ವೈತಿ, ವೇದವನ್ನು ನಂಬಿದವನು. ಆದರೂ ಅವನ ಗ್ರಂಥದ ಮೊದಲ ಅಧ್ಯಾಯ ಚಾರ್ವಾಕರದು: ದೇವರಿಲ್ಲ, ಪರಲೋಕವಿಲ್ಲ, ಯಜ್ಞಗಳು ಹೊಟ್ಟೆಪಾಡು ಎಂದವರದು. ಅವರನ್ನು ನಾಲ್ಕು ಬೈಗುಳದಲ್ಲಿ ಮುಗಿಸಿಬಿಡುವುದು ಅವನಿಗೆ ಕಷ್ಟವಾಗಿರಲಿಲ್ಲ. ಅವನು ಹಾಗೆ ಮಾಡದೆ ಚಾರ್ವಾಕರ ಅತ್ಯಂತ ಬಲವಾದ ಯುಕ್ತಿಯನ್ನೇ ಎತ್ತಿಕೊಂಡಿದ್ದಾನೆ. ಹೊಗೆಯಿದ್ದಲ್ಲಿ ಬೆಂಕಿ ಇರುತ್ತದೆಂದು ನಾವು ಊಹಿಸುತ್ತೇವೆ. ಆದರೆ ಹಿಂದೆ ಆಗಿಹೋದ, ಮುಂದೆ ಆಗಲಿರುವ ಎಲ್ಲ ಹೊಗೆಯನ್ನೂ ಕಂಡವರು ಯಾರು? ಕಾಣದ ಮೇಲೆ ಆ ನಿಯಮ ನಿಶ್ಚಯವಾದುದು ಹೇಗೆ? ಈ ಪ್ರಶ್ನೆ ಇಂದಿನ ತರ್ಕಶಾಸ್ತ್ರದ ತರಗತಿಯಲ್ಲಿಯೂ ಸುಲಭವಾಗಿ ಉತ್ತರಿಸತಕ್ಕದ್ದಲ್ಲ.

ಇದರಿಂದ ನಾವು ಕಲಿಯತಕ್ಕ ಮೊದಲ ನಿಯಮ ಇಷ್ಟು: ಎದುರಿನವನ ಮಾತನ್ನು ನಾವು ಹೇಳಿದಾಗ ಅವನೇ ‘ಹೌದು, ಇದೇ ನನ್ನ ಮಾತು’ ಎನ್ನುವಂತಿರಬೇಕು. ದುರ್ಬಲವಾದ ಗೊಂಬೆಯನ್ನು ಕಟ್ಟಿ ಅದನ್ನು ಉರುಳಿಸಿದರೆ ಗೊಂಬೆಗೂ ನಷ್ಟವಿಲ್ಲ, ನಮಗೂ ಲಾಭವಿಲ್ಲ. ತನ್ನ ಪಕ್ಷವನ್ನು ಮಾತ್ರ ಬಲ್ಲವನು ತನ್ನ ಪಕ್ಷವನ್ನೂ ಚೆನ್ನಾಗಿ ಬಲ್ಲವನಲ್ಲವೆಂಬ ಅಭಿಪ್ರಾಯವನ್ನು ೧೮೫೯ರಲ್ಲಿ ಪ್ರಕಟವಾದ ತನ್ನ ಸ್ವಾತಂತ್ರ್ಯವಿಷಯಕ ಗ್ರಂಥದಲ್ಲಿ ಜಾನ್ ಸ್ಟುಅರ್ಟ್ ಮಿಲ್ಲನು ವಿಸ್ತಾರವಾಗಿ ಪ್ರತಿಪಾದಿಸಿದ್ದಾನೆ. ಎದುರುಪಕ್ಷದ ಯುಕ್ತಿಗಳನ್ನು ನಮ್ಮ ಗುರುಗಳ ಬಾಯಿಂದ ಕೇಳಿದರೆ ಸಾಲದು, ಅವನ್ನು ನಿಜವಾಗಿ ನಂಬಿದವರ ಬಾಯಿಂದಲೇ ಕೇಳಬೇಕೆಂದೂ ಅವನು ಹೇಳುತ್ತಾನೆ.

ಮಿಲ್ಲನ ಈ ಎರಡನೆಯ ಮಾತು ಮುಖ್ಯವಾದುದು. ಪೂರ್ವಪಕ್ಷ ಪದ್ಧತಿಯ ಕೊರತೆಯನ್ನು ಅದು ತೋರಿಸಿಕೊಡುತ್ತದೆ. ಚಾರ್ವಾಕರ ಮೂಲಗ್ರಂಥಗಳು ಇಂದು ಬಹುಮಟ್ಟಿಗೆ ಉಳಿದಿಲ್ಲ. ಅವರ ವಿಷಯವಾಗಿ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನ ಭಾಗ ಅವರ ವಿರೋಧಿಗಳು ಬರೆದಿಟ್ಟದ್ದು. ವಿರೋಧಿ ಎಷ್ಟೇ ಪ್ರಾಮಾಣಿಕನಾಗಿರಲಿ, ಅವನು ಬರೆದದ್ದು ವಿರೋಧಿಯ ಬರವಣಿಗೆಯೇ. ಆದ್ದರಿಂದ ಎರಡನೆಯ ನಿಯಮವೊಂದು ಬೇಕಾಗುತ್ತದೆ: ಎದುರಿನವನಿಗೆ ಅವನ ಮಾತನ್ನು ಅವನೇ ಹೇಳಲು ಸ್ಥಳ ಕೊಡಬೇಕು. ಈ ನಿಯಮವನ್ನು ನಮ್ಮ ಕಾಲಕ್ಕೆ ಹತ್ತಿರದ ಹಿರಿಯರು ಹೇಗೆ ಪಾಲಿಸಿದರೆಂಬುದಕ್ಕೆ ಎರಡು ಪ್ರಸಂಗಗಳನ್ನು ಹೇಳುತ್ತೇನೆ.

ಮೊದಲನೆಯದು ರವೀಂದ್ರನಾಥ ಠಾಕೂರರಿಗೂ ಗಾಂಧೀಜಿಯವರಿಗೂ ಸಂಬಂಧಿಸಿದ್ದು. ೧೯೨೧ರಲ್ಲಿ ಅಸಹಕಾರ ಚಳುವಳಿ ಉಚ್ಛ್ರಾಯದಲ್ಲಿದ್ದಾಗ ವಿದೇಶೀ ಬಟ್ಟೆಯನ್ನು ಸುಡುವುದನ್ನೂ, ವಿಚಾರಿಸದೆ ಎಲ್ಲರೂ ಚರಕ ಹಿಡಿಯುವುದನ್ನೂ ಠಾಕೂರರು ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ಬಹಿರಂಗವಾಗಿ ಟೀಕಿಸಿದರು. ಗಾಂಧೀಜಿ ತಮ್ಮ ‘ಯಂಗ್ ಇಂಡಿಯಾ’ದಲ್ಲಿ ಉತ್ತರ ಬರೆದು, ಕವಿಯನ್ನು ಮಹಾ ಕಾವಲುಗಾರನೆಂದು ಕರೆದರು, ಆದರೆ ಚರಕವನ್ನು ಬಿಡಲಿಲ್ಲ. ೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಭಯಂಕರ ಭೂಕಂಪವಾಯಿತು. ಅದು ಅಸ್ಪೃಶ್ಯತೆಯ ಪಾಪಕ್ಕೆ ದೈವ ಕೊಟ್ಟ ಶಿಕ್ಷೆಯೆಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆ ಪಾಪವೆಂಬುದರಲ್ಲಿ ಠಾಕೂರರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಪ್ರಕೃತಿಯ ಉತ್ಪಾತಕ್ಕೆ ನೀತಿಯ ಕಾರಣ ಹಚ್ಚುವುದು ಜನರ ಅವಿವೇಕವನ್ನು ಬೆಳೆಸುತ್ತದೆಂದು ಅವರಿಗೆ ತೋರಿತು. ಅವರು ಖಂಡನೆಯನ್ನು ಬರೆದು ನೇರವಾಗಿ ಪತ್ರಿಕೆಗೆ ಕೊಡಲಿಲ್ಲ, ಗಾಂಧೀಜಿಗೇ ಕಳುಹಿಸಿದರು. ವರದಿ ನಿಜವಾಗಿದ್ದರೆ ಮಾತ್ರ ಇದನ್ನು ಪ್ರಕಟಣೆಗೆ ಕಳುಹಿಸಿ, ಖಚಿತವಲ್ಲದ ಸುದ್ದಿಯ ಮೇಲೆ ನಿಮ್ಮನ್ನು ಟೀಕಿಸಲಾರೆ ಎಂಬುದು ಅವರ ಪತ್ರದ ತಾತ್ಪರ್ಯ. ವರದಿ ನಿಜವೇ ಆಗಿತ್ತು. ಗಾಂಧೀಜಿ ಆ ಖಂಡನೆಯನ್ನು ತಮ್ಮದೇ ‘ಹರಿಜನ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ತಮ್ಮ ನಂಬಿಕೆಯನ್ನು ಬಿಟ್ಟುಕೊಡದೆ ಉತ್ತರವನ್ನೂ ಬರೆದರು. ಈ ವಿಷಯದಲ್ಲಿ ನಾನು ಠಾಕೂರರ ಪಕ್ಷದವನು. ಆದರೂ ಅವರ ವಾಕ್ಯಗಳು ಅವರು ಖಂಡಿಸಿದವರ ಪತ್ರಿಕೆಯ ಮೂಲಕವೇ ಓದುಗರನ್ನು ತಲಪಿದುವೆಂಬುದನ್ನು ಮರೆಯಲಾರೆ.

ಎರಡನೆಯ ಪ್ರಸಂಗ ಇದಕ್ಕಿಂತ ಕಠಿಣವಾದುದು. ಠಾಕೂರರು ಗಾಂಧೀಜಿಯ ಆಪ್ತರು. ಡಾಕ್ಟರ್ ಅಂಬೇಡ್ಕರರು ಹಾಗಲ್ಲ. ೧೯೩೨ರ ಪುಣೆ ಒಪ್ಪಂದದ ನೋವು ಇಬ್ಬರ ನಡುವೆ ಇತ್ತು. ೧೯೩೩ರ ಫೆಬ್ರವರಿಯಲ್ಲಿ ‘ಹರಿಜನ’ದ ಮೊದಲ ಸಂಚಿಕೆಗೆ ಸಂದೇಶ ಕಳುಹಿಸಬೇಕೆಂದು ಗಾಂಧೀಜಿ ಅಂಬೇಡ್ಕರರನ್ನು ಕೇಳಿದರು. ಅಂಬೇಡ್ಕರರು ಸಂದೇಶ ಕೊಡಲು ಒಪ್ಪದೆ, ಜಾತಿಪದ್ಧತಿಯಿರುವವರೆಗೆ ಅಸ್ಪೃಶ್ಯರೂ ಇದ್ದೇ ಇರುತ್ತಾರೆ ಎಂಬರ್ಥದ ಕಟುವಾದ ಹೇಳಿಕೆಯನ್ನು ಕಳುಹಿಸಿದರು. ಹೊಸ ಪತ್ರಿಕೆಯ ಮೊದಲ ಸಂಚಿಕೆಯಲ್ಲಿಯೇ ಅದು ಅಚ್ಚಾಯಿತು, ಸಂಪಾದಕೀಯ ಉತ್ತರದೊಡನೆ.

ಸುಮಾರು ಮೂರು ವರ್ಷಗಳಾದ ಮೇಲೆ ಲಾಹೋರಿನ ‘ಜಾತ್-ಪಾತ್ ತೋಡಕ್ ಮಂಡಲ’ವು ತನ್ನ ೧೯೩೬ರ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರರನ್ನು ಕರೆಯಿತು. ಜಾತಿಯನ್ನು ಒಡೆಯುವುದೇ ಆ ಮಂಡಲದ ಉದ್ದೇಶ. ಎಂದರೆ ಗುರಿಯಲ್ಲಿ ಅದು ಅಂಬೇಡ್ಕರರ ಪಕ್ಷದ್ದೇ. ಆದರೆ ಭಾಷಣದ ಪ್ರತಿಯನ್ನು ಮುಂಚಿತವಾಗಿ ನೋಡಿ ಅವರು ಬೆದರಿದರು. ಶಾಸ್ತ್ರಗಳ ಪ್ರಾಮಾಣ್ಯವನ್ನೇ ಅಲ್ಲಗಳೆಯುವ ಭಾಗಗಳನ್ನು ಬಿಡಬೇಕೆಂದು ಕೇಳಿದರು. ಒಂದು ಚಿಹ್ನೆಯನ್ನೂ ಬದಲಿಸುವುದಿಲ್ಲವೆಂದು ಅಂಬೇಡ್ಕರರು ಉತ್ತರಿಸಿದರು. ಸಮ್ಮೇಳನವೇ ನಿಂತುಹೋಯಿತು. ಅಂಬೇಡ್ಕರರು ಆ ಮಾಡದ ಭಾಷಣವನ್ನು ಸ್ವಂತ ಖರ್ಚಿನಿಂದ ೧೫೦೦ ಪ್ರತಿ ಅಚ್ಚು ಹಾಕಿಸಿದರು. ಅದೇ ‘ಜಾತಿವಿನಾಶ’ ಎಂದು ಕನ್ನಡದಲ್ಲಿಯೂ ಪ್ರಸಿದ್ಧವಾಗಿರುವ ಕೃತಿ.

ಆ ಭಾಷಣದಲ್ಲಿನ ವಿಚಾರಗಳಿಗೆ ಗಾಂಧೀಜಿಯಷ್ಟು ವಿರುದ್ಧವಾಗಿದ್ದವರು ಆ ಮಂಡಲದಲ್ಲಿ ಯಾರೂ ಇದ್ದಿರಲಾರರು. ಆದರೂ ಅವರು ೧೯೩೬ರ ಜುಲೈ ತಿಂಗಳ ‘ಹರಿಜನ’ದಲ್ಲಿ ಈ ಪುಸ್ತಕದ ಬಗ್ಗೆ ಬರೆದರು. ಸ್ವಾಗತ ಸಮಿತಿಯು ಭಾಷಣವನ್ನು ತಪ್ಪಿಸಿ ಜನರಿಗೆ ಅನ್ಯಾಯ ಮಾಡಿತೆಂದರು. ಸುಧಾರಕರಾದವರು ಇದನ್ನು ಕಡೆಗಣಿಸುವಂತಿಲ್ಲವೆಂದರು. ಎಂಟಾಣೆಯ ಬೆಲೆ ಹೆಚ್ಚಾಯಿತು, ಎರಡಾಣೆಗೆ ಅಥವಾ ನಾಲ್ಕಾಣೆಗಾದರೂ ಇಳಿಸಿದರೆ ಹೆಚ್ಚು ಜನ ಓದಿಯಾರು ಎಂದೂ ಸೂಚಿಸಿದರು. ವಿರೋಧಿಯ ಪುಸ್ತಕದ ಬೆಲೆ ಇಳಿಯಲೆಂದು ಹಾರೈಸಿದ ವಿಮರ್ಶಕರು ಬಹಳ ಮಂದಿ ಇರಲಿಕ್ಕಿಲ್ಲ. ಇಷ್ಟಾದ ಮೇಲೆ ಅವರು ತಮ್ಮ ವಿರೋಧವನ್ನು ಹೇಳಿದರು. ಧರ್ಮವನ್ನು ಅದರ ಕೀಳು ಮಾದರಿಗಳಿಂದ ಅಳೆಯಬಾರದು, ಶ್ರೇಷ್ಠ ಮಾದರಿಗಳಿಂದ ಅಳೆಯಬೇಕು; ಜಾತಿಗೂ ಧರ್ಮಕ್ಕೂ ಸಂಬಂಧವಿಲ್ಲ; ವಂಶಪರಂಪರೆಯ ವೃತ್ತಿಯಿಂದ ಜೀವಿಸಬೇಕೆಂಬುದು ವರ್ಣಧರ್ಮದ ಸಾರ, ಅದರಲ್ಲಿ ಮೇಲುಕೀಳುಗಳಿಲ್ಲ, ಎಂಬುದು ಅವರ ವಾದ.

ಈಗ ಅಂಬೇಡ್ಕರರು ಏನು ಮಾಡಿದರು ನೋಡಿ. ೧೯೩೭ರ ಎರಡನೆಯ ಮುದ್ರಣದಲ್ಲಿ ಗಾಂಧೀಜಿಯ ಟೀಕೆಯನ್ನು ಅನುಬಂಧವಾಗಿ ಸೇರಿಸಿ, ಅದರ ಬೆನ್ನಿಗೆ ತಮ್ಮ ಉತ್ತರವನ್ನು ಅಚ್ಚು ಮಾಡಿದರು. ಉತ್ತರವೇನೂ ಮೃದುವಾಗಿರಲಿಲ್ಲ. ಸಂತರು ದೇವರ ಮುಂದೆ ಎಲ್ಲರೂ ಸಮಾನರೆಂದರೇ ಹೊರತು ಮನುಷ್ಯ ಮನುಷ್ಯರು ಸಮಾನರೆಂದು ಹೋರಾಡಲಿಲ್ಲವೆಂದರು. ವಂಶದ ವೃತ್ತಿಯನ್ನು ಬಿಡಬಾರದೆನ್ನುವ ಮಹಾತ್ಮರು ಬನಿಯಾ ಕುಲದವರು. ಅವರ ಹಿರಿಯರು ವ್ಯಾಪಾರ ಬಿಟ್ಟು ದಿವಾನಗಿರಿ ಹಿಡಿದರು. ಅವರೇ ತಕ್ಕಡಿ ಹಿಡಿಯದೆ ಕಾನೂನು ಓದಿದರು. ಹೀಗಿರುವಾಗ ಆ ನಿಯಮ ಯಾರಿಗೆ, ಎಂದು ಕೇಳಿದರು. ಇಂದು ಈ ಪುಸ್ತಕವನ್ನು ಪೂರ್ಣರೂಪದಲ್ಲಿ ತೆರೆದ ಓದುಗನಿಗೆ ಎರಡು ಪಕ್ಷವೂ ಒಂದೇ ರಟ್ಟಿನೊಳಗೆ ಸಿಗುತ್ತವೆ. ಯಾರ ಮಾತು ಸರಿಯೆಂದು ಅವನೇ ತೀರ್ಮಾನಿಸಬಹುದು. ನನ್ನ ತೀರ್ಮಾನ ಅಂಬೇಡ್ಕರರ ಕಡೆಗಿದೆ. ಗಾಂಧೀಜಿಯ ವಾದವನ್ನು ಅವರ ವಾಕ್ಯಗಳಲ್ಲಿಯೇ ಓದಿದ ಮೇಲೆ ಆ ತೀರ್ಮಾನ ಮತ್ತಷ್ಟು ಗಟ್ಟಿಯಾಗಿದೆ.

ಇದರಿಂದ ಮೂರನೆಯ ನಿಯಮ ದೊರೆಯುತ್ತದೆ. ಮನಸ್ಸು ತೆರೆದಿರುವುದೆಂದರೆ ಮಾತು ಮೆತ್ತಗಿರಬೇಕೆಂದು ಅರ್ಥವಲ್ಲ. ಎದುರಿನವನ ಮಾತನ್ನು ಪೂರ್ತಿಯಾಗಿ ಕೇಳಿಸಿದವನಿಗೆ ತನ್ನ ಮಾತನ್ನು ಪೂರ್ತಿಯಾಗಿ ಹೇಳುವ ಅಧಿಕಾರವೂ ಉಂಟು. ಜಾತಿಯನ್ನು ಒಡೆಯುತ್ತೇವೆಂದು ಹೊರಟ ಮಂಡಲವು ಭಾಷಣಕ್ಕೆ ಕತ್ತರಿ ಹಾಕಲು ನೋಡಿತು. ಆ ಭಾಷಣವನ್ನು ಖಂಡಿಸಿದವರು ಅದನ್ನು ಓದಿರೆಂದು ಹೇಳಿದರು. ನಮ್ಮ ಕಡೆಯವರು, ಎದುರುಕಡೆಯವರು ಎಂಬ ಲೆಕ್ಕ ಯಾವಾಗಲೂ ನಾವು ತಿಳಿದಂತೆ ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಇಷ್ಟೆಲ್ಲ ಆದ ಮೇಲೆ ಯಾರು ಯಾರನ್ನು ಒಪ್ಪಿಸಿದರು? ಆಗ ಯಾರೂ ಒಪ್ಪಲಿಲ್ಲವೆಂಬುದು ನಿಜ. ಆದರೆ ೧೯೪೬ರ ಹೊತ್ತಿಗೆ ಗಾಂಧೀಜಿ, ವಧೂವರರಲ್ಲಿ ಒಬ್ಬರು ಹರಿಜನರಾಗಿದ್ದ ಹೊರತು ಸೇವಾಗ್ರಾಮದಲ್ಲಿ ವಿವಾಹ ನಡೆಯಕೂಡದೆಂದು ಹೇಳುವ ಮಟ್ಟಕ್ಕೆ ಬಂದಿದ್ದರು. ಇದು ಒಂದು ಪುಸ್ತಕದ ಫಲವೆಂದು ನಾನು ಹೇಳುವುದಿಲ್ಲ. ಹತ್ತು ವರ್ಷ ಕಿವಿ ತೆರೆದಿಟ್ಟವರಲ್ಲಿ ಇಂಥ ಬದಲಾವಣೆ ಸಾಧ್ಯವೆಂದಷ್ಟೇ ಹೇಳುತ್ತೇನೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ನಾನು ಮನುಷ್ಯನೇ ಅಲ್ಲವೆನ್ನುವವನ ಮಾತನ್ನೂ ನಾನು ಸಾವಧಾನದಿಂದ ಕೇಳಬೇಕೇ? ಇದು ನ್ಯಾಯವಾದ ಪ್ರಶ್ನೆ. ನೊಂದವನ ಮೇಲೆ ತಾಳ್ಮೆಯ ಭಾರವನ್ನೂ ಹೊರಿಸುವುದು ಸುಖವಾಗಿ ಕುಳಿತವರ ಹಳೆಯ ಚಾಳಿ. ಅಂಬೇಡ್ಕರರು ಗಾಂಧೀಜಿಯ ಟೀಕೆಯನ್ನು ಅಚ್ಚು ಹಾಕಿಸಿದ್ದು ಯಾರ ಬಲವಂತದಿಂದಲೂ ಅಲ್ಲ. ಆದ್ದರಿಂದ ಈ ವಿದ್ಯೆಯನ್ನು ಮೊದಲು ಅಭ್ಯಾಸ ಮಾಡಬೇಕಾದವರು ಬಲವುಳ್ಳವರು, ಸಂಖ್ಯೆಯುಳ್ಳವರು, ವೇದಿಕೆಯುಳ್ಳವರು ಎಂದು ನನ್ನ ಅಭಿಪ್ರಾಯ. ದೊಣ್ಣೆ ಹಿಡಿದು ಬಂದವನ ಮುಂದೆ ಗೌತಮನ ಮುಳ್ಳುಬೇಲಿ ಇದ್ದೇ ಇದೆ.

ಬೇರೆಯವರ ಪ್ರಸಂಗಗಳನ್ನಷ್ಟೇ ಹೇಳಿ ನಿಲ್ಲಿಸಿದರೆ ಉಪದೇಶವಾದೀತು. ನನ್ನದೇ ಒಂದು ಪಕ್ಷವನ್ನು ಈ ನಿಯಮಗಳಿಗೆ ಒಡ್ಡಿ ನೋಡುತ್ತೇನೆ. ಮಗುವಿನ ಮೊದಲ ವಿದ್ಯೆ ಕನ್ನಡದಲ್ಲಿ ಆಗಬೇಕೆಂದು ನಾನು ದೃಢವಾಗಿ ನಂಬಿದವನು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ನಮ್ಮ ಸರ್ಕಾರ ೧೯೯೪ರಲ್ಲಿ ಆಜ್ಞೆ ಮಾಡಿತ್ತು. ಹಾಗೆ ಹೇರುವ ಅಧಿಕಾರ ರಾಜ್ಯಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ೨೦೧೪ರ ಮೇ ೬ರಂದು ತೀರ್ಪು ಕೊಟ್ಟಿತು. ೨೦೧೯ರಲ್ಲಿ ಸರ್ಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದುವು. ಇದನ್ನು ವಿರೋಧಿಸಿ ಎಷ್ಟೋ ಸಾಹಿತಿಗಳು ಮಾತಾಡಿದರು, ಸ್ವಾಗತಿಸಿದವರೂ ಇದ್ದರು. ಆ ಸ್ವಾಗತಿಸಿದವರ ಪಕ್ಷವನ್ನು ಬರೆಯಲು ಪ್ರಯತ್ನಿಸಿದೆ:

“ಹಣವುಳ್ಳವನು ತನ್ನ ಮಗುವನ್ನು ಬೇಕಾದ ಶಾಲೆಗೆ ಕಳುಹಿಸುತ್ತಾನೆ; ಅದು ಅವನ ಆಯ್ಕೆ. ಕೂಲಿಕಾರನ ಮಗುವಿಗೆ ಮಾತ್ರ ಕನ್ನಡ ಮಾಧ್ಯಮ ಕರ್ತವ್ಯವಾಗುತ್ತದೆ. ಸರ್ವೋಚ್ಚ ನ್ಯಾಯಾಲಯದ ಕಲಾಪ, ವೈದ್ಯಶಾಸ್ತ್ರ, ಕಂಪನಿಯ ಸಂದರ್ಶನ ಎಲ್ಲವೂ ಇಂಗ್ಲಿಷಿನಲ್ಲಿ. ಒಂದು ಕಾಲದಲ್ಲಿ ಸಂಸ್ಕೃತದ ಬಾಗಿಲು ನಮಗೆ ಮುಚ್ಚಿತ್ತು. ಈಗ ಇಂಗ್ಲಿಷಿನ ಬಾಗಿಲ ಬಳಿ ನಿಂತು, ನಿಮ್ಮ ಒಳ್ಳೆಯದಕ್ಕೇ ತಡೆಯುತ್ತಿದ್ದೇವೆ ಎಂದರೆ ನಂಬುವುದು ಹೇಗೆ?”

ಇದನ್ನು ನನಗೆ ಎದುರಾದ ಮತವುಳ್ಳ ಸಹಪಾಠಿನಿಯೊಬ್ಬರಿಗೆ ತೋರಿಸಿದೆ. ಅವರ ತಂದೆತಾಯಿಗಳಿಬ್ಬರೂ ಕೂಲಿ ಮಾಡುವವರು. ಅವರು ಓದಿ, ಪೆನ್ನು ಕೇಳಿ ತೆಗೆದುಕೊಂಡು, ಕೊನೆಯಲ್ಲಿ ಒಂದು ವಾಕ್ಯವನ್ನು ಸೇರಿಸಿದರು: “ಭಾಷೆಯನ್ನು ಉಳಿಸುವ ಭಾರ ನನ್ನ ತಮ್ಮನ ಹೆಗಲಿಗೇ ಏಕೆ?”

ನನ್ನ ಪಕ್ಷವನ್ನು ನಾನು ಬಿಟ್ಟಿಲ್ಲ. ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿದ ಮಗುವಿಗೆ ಎರಡು ಭಾಷೆಯೂ ದಕ್ಕುವುದಿಲ್ಲವೆಂದೇ ಈಗಲೂ ನಂಬಿದ್ದೇನೆ. ಆದರೆ ಆ ಒಂದು ವಾಕ್ಯಕ್ಕೆ ಉತ್ತರವಿಲ್ಲದ ಕನ್ನಡಾಭಿಮಾನ ಇನ್ನು ನನಗೆ ಸಾಲದು. ಕನ್ನಡ ಮಾಧ್ಯಮದಲ್ಲಿಯೇ ಓದಿದವನಿಗೆ ಒಳ್ಳೆಯ ಇಂಗ್ಲಿಷನ್ನು ಮೊದಲಿಂದ ಕಲಿಸುವ ಮೇಷ್ಟ್ರು ಎಲ್ಲಿದ್ದಾರೆ, ಕನ್ನಡದಲ್ಲಿ ಓದಿದ್ದಕ್ಕೆ ಅವನಿಗೆ ಯಾವ ಉದ್ಯೋಗ ಸಿಗುತ್ತದೆ ಎಂಬ ಪ್ರಶ್ನೆಗಳು ಈಗ ನನ್ನ ಪಕ್ಷದ ಒಳಗಿನ ಪ್ರಶ್ನೆಗಳಾಗಿವೆ. ಈ ಪ್ರಶ್ನೆಗಳು ನನ್ನ ಕಡೆಯವರ ಸಭೆಗಳಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದರಿಂದ ನನಗೆ ದೊರೆತವುಗಳಲ್ಲ.

ನಮ್ಮ ಚರ್ಚಾಕೂಟದಲ್ಲಿ ಪರ, ವಿರೋಧಗಳನ್ನು ಚೀಟಿಯೆತ್ತಿ ನಿರ್ಧರಿಸುವ ಪದ್ಧತಿಯಿದೆ. ನಾಲಗೆ ಸಾಣೆಹಿಡಿಯಲು ಅದು ಒಳ್ಳೆಯದು. ಆದರೆ ಚೀಟಿಯಲ್ಲಿ ಬಂದ ಪಕ್ಷಕ್ಕೂ ಬಾಳಿನಲ್ಲಿ ಬಂದ ಪಕ್ಷಕ್ಕೂ ಅಂತರವಿದೆ. ವರ್ಷಕ್ಕೆ ಒಂದೆರಡು ಬಾರಿಯಾದರೂ, ಒಂದು ಮತವನ್ನು ನಿಜವಾಗಿ ನಂಬಿದವರನ್ನೇ ಕರೆದು, ಬಹುಮಾನವಿಲ್ಲದೆ, ತೀರ್ಪುಗಾರರಿಲ್ಲದೆ ಮಾತಾಡಿಸಬೇಕು. ಪ್ರತಿಯೊಬ್ಬನೂ ತನ್ನ ಮಾತಿಗೆ ಮುಂಚೆ ಎದುರಿನವನ ಮಾತನ್ನು ಹೇಳಿ, ‘ಇದು ನಿಮ್ಮ ಮಾತು ಹೌದೇ’ ಎಂದು ಕೇಳಿ ಮುಂದುವರಿಯಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಕೊನೆಯದಾಗಿ ಈ ಸಂಚಿಕೆಯ ಸಂಪಾದಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಈ ಲೇಖನವನ್ನು ಓದಿ, ಕೆಲವು ಮತಗಳಿಗೆ ಕಿವಿಗೊಡುವುದೇ ತಪ್ಪೆಂದೋ, ಮಾಧ್ಯಮದ ವಿಷಯದಲ್ಲಿ ನನ್ನ ಪಕ್ಷ ಸರಿಯಲ್ಲವೆಂದೋ ಯಾರಾದರೂ ಬರೆದುಕೊಟ್ಟರೆ, ಅದನ್ನು ಮುಂದಿನ ವರ್ಷದ ಸಂಚಿಕೆಯಲ್ಲಿ ಮೊಟಕುಮಾಡದೆ ಪ್ರಕಟಿಸಬೇಕು. ಅದನ್ನು ಮೊದಲು ಓದುವವರಲ್ಲಿ ನಾನೂ ಒಬ್ಬನಾಗಿರುತ್ತೇನೆ.